ಸಿದ್ರಾಯ ಟೇಲರ್ ಜೋತುಬಿದ್ದದ್ದು

"ಇದು ಗಟ್ಟಿ ಇರತೈತೇನ್ರಿ ಕಾಕಾ?"

ಇಷ್ಟೇ ಕೇಳಿದ್ದು ದೀಪಾ. ಕುರಿಗಾರ ಖಂಡೆಪ್ಪನ ಮಗಳು. ಸಣ್ಣಾಕೆಯಿದ್ದಾಗ ಅಪ್ಪನ ಆಡುಗಳ ಹಿಂದೆ ಗುಡ್ಡ ಹತ್ತಿ ರೂಢಿಯಾದವಳು, ಈಗ ಬೆಳಗಾವಿಯಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದನ್ನು ಹತ್ತು ಮಂದಿಗೆ ಕಲಿಸುತ್ತಿದ್ದಳು. ಹತ್ತುವವರು ಸೊಂಟಕ್ಕೂ ತೊಡೆಗೂ ಬಿಗಿದುಕೊಳ್ಳುವ ದಪ್ಪ ಪಟ್ಟಿಯ ಬೆಲ್ಟೊಂದು ಹರಿದಿತ್ತು. ಅದನ್ನು ಮಸಗುಪ್ಪಿಯ ಸಿದ್ರಾಯ ಟೇಲರ್‌ನ ಹತ್ತಿರ ಹೊಲಿಯಲು ಕೊಟ್ಟು, ಭಾನುವಾರ ಮುಂಜಾನೆ ಒಯ್ಯಲು ಬಂದಿದ್ದಳು.

ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಂಗಡಿಯಲ್ಲಿ ಆಗ ಮೂರು ಗಾಲಿಯ ಟಂಟಂ ಓಡಿಸುವ ಲಖನ, ತೆಂಗಿನಮರ ಹತ್ತಿ ಕಾಯಿ ಇಳಿಸುವ ಬೀರಸಿದ್ದಪ್ಪ ಇಬ್ಬರೂ ಕೂತು ಚಹಾ ಹೀರುತ್ತಿದ್ದರು. ಮೂವತ್ತು ವರ್ಷ ಮಷಿನ್ ತುಳಿದ ಮನುಷ್ಯನನ್ನು ನಾಲ್ಕು ಜನರ ಮುಂದೆ ಹಾಗೆ ಕೇಳುವುದೇ?

"ಗಟ್ಟಿ? ಇದರಾಗ ಆನಿ ಜೋತುಬಿದ್ರೂ ಹೊಲಿಗಿ ಬಿಚ್ಚಂಗಿಲ್ಲ," ಎಂದ ಸಿದ್ರಾಯ.

"ಆನಿ ಎಲ್ಲಿಂದ ತರೂದು?" ಎಂದ ಲಖನ.

"ಆನಿ ಯಾಕಪ? ನಾನ ಜೋತುಬಿದ್ದ ತೋರಸ್ತೀನಿ!"

ಮಾತು ಬಾಯಿಂದ ಹೊರಬಿದ್ದ ಮೇಲೆ ಸಿದ್ರಾಯನಿಗೆ ತಾನು ಏನಂದೆನೆಂಬುದು ಕೇಳಿಸಿತು. ಅಷ್ಟರಲ್ಲಿ ಲಖನ ಟಂಟಂ ಚಾಲೂ ಮಾಡಿಯಾಗಿತ್ತು. ದೀಪಾಳ ಮಂದಿ ಕೊಣ್ಣೂರ ಹಾದಿಯ ಬಂಡೆಯನ್ನು ಅವತ್ತೇ ಹತ್ತುವವರಿದ್ದರು. "ಬರ್ರಿ ಕಾಕಾ, ಹೆದರಬ್ಯಾಡ್ರಿ. ಹಗ್ಗ ನಾ ಹಿಡೀತೀನಿ," ಎಂದಳು ದೀಪಾ. ಸಿದ್ರಾಯನ ಹೆಂಡತಿ ಅಲ್ಲವ್ವ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ಇವರು ಮನಿ ಮಾಳಿಗಿ ಏರಿದ್ರ ತೆಲಿ ತಿರಗತೈತಿ ಅಂತಾರ," ಎನ್ನುತ್ತಲೇ ತಾನೂ ಟಂಟಂ ಹತ್ತಿ ಕೂತಳು.

ಬಂಡೆ ಐವತ್ತು ಅಡಿ ಇತ್ತು. ಸಿದ್ರಾಯ ತಲೆಯೆತ್ತಿ ನೋಡಿದ. ಟೊಪ್ಪಿಗೆ ಹಿಂದಕ್ಕೆ ಬಿತ್ತು. ಹಗ್ಗವೊಂದು ಮೇಲಿನ ಕೊಂಡಿಯ ಮೂಲಕ ಹಾಯ್ದು ಕೆಳಗೆ ಇಳಿಬಿದ್ದಿತ್ತು. ಒಂದು ತುದಿ ಹತ್ತುವವನ ಸೊಂಟಕ್ಕೆ, ಇನ್ನೊಂದು ದೀಪಾಳ ಕೈಗೆ. ದೀಪಾ ಅವನ ಪಂಜೆಯ ಬದಲು ಯಾರದೋ ಪ್ಯಾಂಟು ತೊಡಿಸಿ, ತಲೆಗೆ ಹೆಲ್ಮೆಟ್ಟು ಇಟ್ಟು, ಬೆಲ್ಟು ಬಿಗಿಯುವಾಗ ಸಿದ್ರಾಯ ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಿದ್ದ. ಕಣ್ಣು ತೆರೆದಿದ್ದರೂ ಫರಕು ಬೀಳುತ್ತಿರಲಿಲ್ಲ. ಹೊಟ್ಟೆ ಅಡ್ಡ ಬಂದು ಅವನ ಸೊಂಟ ಅವನಿಗೆ ಕಾಣದೆ ಐದಾರು ವರ್ಷವಾಗಿತ್ತು.

"ಆಳೆತ್ತರ ಏರಿ ಕೈ ಬಿಡ್ರಿ, ಹಗ್ಗ ಹಿಡೀತೈತಿ. ಜೋತುಬಿದ್ದಂಗ ಆತು. ಇಳಿಸ್ತೀನಿ," ಎಂದಳು ದೀಪಾ.

ಆಳೆತ್ತರ ಏರುವುದು ಕಷ್ಟವಾಗಲಿಲ್ಲ. ಮೂವತ್ತು ವರ್ಷ ಪೆಡಲು ತುಳಿದ ಕಾಲು ಕಲ್ಲಿನ ಸಂದು ಹುಡುಕಿಕೊಂಡು ತಾವೇ ಏರಿದವು. ಕೆಳಗೆ ಲಖನ ಮೊಬೈಲು ಎತ್ತಿ ಹಿಡಿದ.

"ಹಾಂ, ಕಾಕಾ, ಈಗ ಬಿಡ್ರಿ!"

ಬಿಡಬೇಕು ಎನ್ನುವಷ್ಟರಲ್ಲಿ ಸಿದ್ರಾಯನಿಗೆ ಒಂದು ವಿಷಯ ನೆನಪಾಯಿತು. ಆ ಬೆಲ್ಟಿಗೆ ಮೂರನೆಯ ಸಾಲು ಹೊಲಿಗೆ ಹಾಕುವಾಗ ಬಾಬಿನ್ನಿನ ದಾರ ಮುಗಿದಿತ್ತು. ಹೊಸದು ಸುತ್ತಿಕೊಂಡು ಅಲ್ಲಿಂದಲೇ ಮುಂದುವರಿಸಿದ್ದನೋ, ಅಥವಾ ಅಷ್ಟರಲ್ಲಿ ಯಾರೋ ಚಡ್ಡಿ ತಂದರೆಂದು ಎದ್ದವನು ಹಾಗೇ ಬಿಟ್ಟಿದ್ದನೋ? ಎಷ್ಟು ನೆನೆದರೂ ಚಡ್ಡಿ ನೆನಪಾಗುತ್ತಿತ್ತು, ಹೊಲಿಗೆ ನೆನಪಾಗುತ್ತಿರಲಿಲ್ಲ.

ಅವನು ಕೈ ಬಿಡಲಿಲ್ಲ. ಮತ್ತೆರಡು ಹೆಜ್ಜೆ ಮೇಲೇರಿದ.

"ಅರೆ, ಸಾಕ್ರಿ ಕಾಕಾ!"

"ಇಲ್ಲವಾ, ಇನ್ನೊಂದ ಸ್ವಲ್ಪ ಹೋಗ್ತೀನಿ," ಎಂದ ಸಿದ್ರಾಯ. ದನಿ ಬೇರೆಯವರದಿದ್ದಂತೆ ಕೇಳಿಸಿತು.

"ಏನ ಗಂಡಸಪಾ ಇಂವ!" ಎಂದು ಬೀರಸಿದ್ದಪ್ಪ ತೊಡೆ ತಟ್ಟಿದ.

ಇಪ್ಪತ್ತು ಅಡಿಗೆ ಮುಂಗೈ ಎರಡೂ ಕಲ್ಲಾದವು. ಇಪ್ಪತ್ತೈದಕ್ಕೆ ಬೆರಳು ಅವನ ಮಾತು ಕೇಳುವುದನ್ನು ಬಿಟ್ಟವು. ಎಡಗಾಲು ತಂತಾನೇ ನಡುಗತೊಡಗಿತು, ದೀಪಾವಳಿಯ ಹಿಂದಿನ ದಿನದ ಹೊಲಿಗೆ ಮಷಿನ್ನಿನಂತೆ, ಟಕಟಕಟಕಟಕ. ಅಷ್ಟು ಹೊತ್ತಿನಲ್ಲಿ ಎರಡು ಅಂಗಿಯಾದರೂ ಮುಗಿಯುತ್ತಿದ್ದವು.

"ಎಡಕ್ಕ ಕಾಲಿಡೋ!" ಎಂದು ಬೀರಸಿದ್ದಪ್ಪ ಕೂಗಿದ. "ಬಲಕ್ಕ, ಬಲಕ್ಕ! ವಿಡಿಯೋದಾಗ ಮಾರಿ ಕಾಣಂಗಿಲ್ಲ," ಎಂದ ಲಖನ. ದೀಪಾ ಇಬ್ಬರನ್ನೂ ಗದರಿ ಸುಮ್ಮನಾಗಿಸಿದಳು. "ಕಾಕಾ, ಕೈ ಮ್ಯಾಲ ಭಾರ ಹಾಕಬ್ಯಾಡ್ರಿ, ಕಾಲ ಮ್ಯಾಲ ನಿಲ್ರಿ. ಒಂದೊಂದ ಕೈ ಕೆಳಗ ಬಿಟ್ಟು ಝಾಡಸ್ರಿ. ಉಸರ ತಗೋರಿ."

ಸಿದ್ರಾಯ ಕೈ ಕೊಡವಿದ, ಉಸಿರು ತೆಗೆದುಕೊಂಡ. ಅದೇ ಹೊತ್ತಿಗೆ ಕೆಳಗಿನಿಂದ ಅಲ್ಲವ್ವನ ದನಿ ಬಂತು:

"ಏನ್ರಿ! ಅಂಗಡಿ ಕೀಲಿ ಎಲ್ಲಿ ಇಟ್ಟೀರಿ?"

"ಈಗ್ಯಾಕ ಅದು?"

"ಯಾಕಂದ್ರ... ಹಂಗ ಕೇಳಿದ್ನಿ!" ಎಂದಳು ಅಲ್ಲವ್ವ. ದನಿ ಒಡೆದಿತ್ತು. ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವಳು ಹೆದರಿದಾಗಲೆಲ್ಲ ಕೀಲಿ ಕೇಳುವವಳೆಂದು ಸಿದ್ರಾಯನಿಗೆ ಗೊತ್ತಿತ್ತು. ಅವಳ ಸಲುವಾಗಿಯಾದರೂ ಬೀಳಬಾರದು. ಬೀಳಬಾರದೆಂದರೆ ಬಿಡಬಾರದು. ಬಿಡಬಾರದೆಂದರೆ ಏರಬೇಕು.

ಹೀಗೆ, ತನ್ನ ಹೊಲಿಗೆಯ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲದೆ, ಸಿದ್ರಾಯ ಟೇಲರ್ ಐವತ್ತು ಅಡಿ ಬಂಡೆಯನ್ನು ಪೂರ್ತಿ ಹತ್ತಿದ. ತುದಿಯ ಕೊಂಡಿಗೆ ಗೇಣು ಉಳಿದಾಗ ಬೆರಳು ಬಿಚ್ಚಿದವು. ಅವನಾಗಿ ಬಿಡಲಿಲ್ಲ, ಅವೇ ಬಿಟ್ಟವು. "ಯವ್ವಾ!" ಎಂಬ ಕೂಗು ಘಟಪ್ರಭಾ ನದಿಯ ಆಚೆ ದಂಡೆಗೂ ಮುಟ್ಟಿರಬೇಕು.

ಅವನು ಬೀಳಲಿಲ್ಲ. ಹಗ್ಗ ಬಿಗಿಯಿತು, ಬೆಲ್ಟು ಹಿಡಿಯಿತು. ಸಿದ್ರಾಯ ಜೋಳದ ಚೀಲದಂತೆ ಗಾಳಿಯಲ್ಲಿ ತೂಗಿದ. ಒಂದು ಕಣ್ಣು ತೆರೆದ, ಆಮೇಲೆ ಇನ್ನೊಂದು. ಬೆಲ್ಟಿನ ಮೇಲೆ ಕೈಯಾಡಿಸಿ, ಆಡಿನ ಮರಿಯ ಬೆನ್ನು ಸವರಿದಂತೆ ಸವರಿದ. ಕಣ್ಣಲ್ಲಿ ನೀರು ಬಂತು. ಮೂರನೆಯ ಸಾಲು ಮುಗಿಸಿದ್ದೆ! ಖರೇನೇ ಮುಗಿಸಿದ್ದೆ!

ಕೆಳಗಿಳಿದಾಗ ನಿಲ್ಲಲು ಕಾಲಿರಲಿಲ್ಲ, ನೀರಿನ ಲೋಟ ಹಿಡಿಯಲು ಕೈಯಿರಲಿಲ್ಲ. ಅಲ್ಲವ್ವ ಬಾಯಿಗೆ ಹಿಡಿದು ಕುಡಿಸಿದಳು. ಉಳಿದವರು ಟಂಟಂ ಕಡೆ ನಡೆದಾಗ ಸಿದ್ರಾಯ ದೀಪಾಳಿಗೆ, "ನೋಡಿದಿಲ್ಲವಾ ನನ್ನ ಹೊಲಿಗಿ?" ಎಂದ.

ದೀಪಾ ಸುತ್ತ ನೋಡಿ ದನಿ ಇಳಿಸಿದಳು. "ಕಾಕಾ, ಸಿಟ್ಟಾಗಬ್ಯಾಡ್ರಿ. ಹರದ ಹೊಲಿದ ಬೆಲ್ಟಿನ್ಯಾಗ ಮನಶ್ಯಾರನ್ನ ಏರಿಸಬಾರದು ಅಂತ ನಮ್ಮಲ್ಲಿ ನೇಮ ಐತ್ರಿ. ನೀವು ಹಾಕ್ಕೊಂಡಿದ್ದು ಕಂಪನೀದು, ಹೊಸಾದು. ನೀವು ಹೊಲಿದಿದ್ದು ನೀರಿನ ಕ್ಯಾನು, ಬುತ್ತಿ ಕಟ್ಟಿ ಮ್ಯಾಲಕ್ಕ ಎಳ್ಯಾಕ ಇಟ್ಟಿದ್ದು. ಅದಿನ್ನೂ ನನ್ನ ಚೀಲದಾಗ ಐತಿ. ಜನರ ಮುಂದ ನಿಮ್ಮ ಮರ್ಯಾದಿ ಹೋಗಬಾರದಂತ ಸುಮ್ನಿದ್ನಿ."

ಸಿದ್ರಾಯ ಹೆಲ್ಮೆಟ್ಟು ಬಿಚ್ಚಿ ಅವಳ ಕೈಗಿಟ್ಟ. "ಯಾರ ಮುಂದೂ ಹೇಳಬ್ಯಾಡವಾ," ಎಂದ.

ಅವನನ್ನು ಮನೆ ಮುಟ್ಟಿಸಲು ದೀಪಾಳೂ ಟಂಟಂ ಹತ್ತಿದಳು. ಊರಿಗೆ ಬರುವಷ್ಟರಲ್ಲಿ ಲಖನನ ವಿಡಿಯೋ ಅವರಿಗಿಂತ ಮೊದಲೇ ಮುಟ್ಟಿತ್ತು. ಅಂಗಡಿ ಮುಂದೆ ಜನ. ಯಾರೋ ಹೂವಿನ ಹಾರವನ್ನೂ ತಂದಿದ್ದರು. ಸಿದ್ರಾಯ ಕುತ್ತಿಗೆ ಬಗ್ಗಿಸಿದ. ಎತ್ತಲು ಆಗದೆ ಹಾಗೇ ಉಳಿದ. ಅಷ್ಟರಲ್ಲಿ ಬೀರಸಿದ್ದಪ್ಪ ಹತ್ತಿರ ಬಂದ.

"ಸಿದ್ರಾಯ, ನನಗೂ ಅಂಥಾದ ಒಂದು ಬೆಲ್ಟ ಹೊಲದ ಕೊಡಪಾ. ವಯಸ್ಸಾತು. ತೆಂಗಿನ ಗಿಡದಾಗ ಕಾಲು ನಡಗ್ತಾವು. ಹ್ವಾದ ವರ್ಷ ಬಿದ್ದ ಉಳದೀನಿ. ನಿನ್ನ ಹೊಲಿಗಿ ಇವತ್ತ ಕಣ್ಣಾರೆ ನೋಡೀನಲ್ಲ, ಇನ್ನ ಅಂಜಿಕಿಲ್ಲ."

ಸಿದ್ರಾಯ ಬೀರಸಿದ್ದಪ್ಪನ ಮುಖ ನೋಡಿದ. ಆ ಮುಖದಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ. ಬಂಡೆಯ ಮೇಲೆ ಆಗದಷ್ಟು ದಣಿವು ಅವನಿಗೆ ಈಗಾಯಿತು. ಹಾರ ತೆಗೆದು ಮಷಿನ್ನಿನ ಮೇಲಿಟ್ಟ.

"ಬೀರಣ್ಣಾ, ಅದು ನನ್ನ ಹೊಲಿಗಿ ಅಲ್ಲೋ. ಕಂಪನೀದು," ಎಂದು ಎಲ್ಲವನ್ನೂ ಹೇಳಿಬಿಟ್ಟ. ಬಾಬಿನ್ನಿನ ದಾರ, ಚಡ್ಡಿ, ಒಂದನ್ನೂ ಬಿಡಲಿಲ್ಲ.

ಬೀರಸಿದ್ದಪ್ಪ ಅವನ ಬೆನ್ನ ಮೇಲೆ ಕೈಯಿಟ್ಟು, "ಖರೆ ಹೇಳಿದಿ. ದೊಡ್ಡ ಮನಸ ನಿಂದು," ಎಂದ. ಸಿದ್ರಾಯನ ಎದೆ ಹಗುರಾಯಿತು. ಇನ್ನು ಒಳಗೆ ಹೋಗಿ ಕಾಲು ಚಾಚಿ ಮಲಗಿದರೆ ನಾಳೆ ಮಧ್ಯಾಹ್ನಕ್ಕೇ ಏಳುವುದು.

"ಅಂದ್ರ," ಎಂದ ಲಖನ, ಲೆಕ್ಕ ಹಾಕುವವನಂತೆ, "ನೀವು ಇನ್ನೂ ಜೋತೇ ಬಿದ್ದಿಲ್ಲ."

ಎಲ್ಲರೂ ದೀಪಾಳ ಚೀಲದ ಕಡೆ ನೋಡಿದರು. ಆಮೇಲೆ ಅಂಗಡಿ ಎದುರಿನ ಬೇವಿನ ಗಿಡದ ದಪ್ಪ ಕೊಂಬೆಯ ಕಡೆ ನೋಡಿದರು.

ಹತ್ತು ನಿಮಿಷದಲ್ಲಿ ಸಿದ್ರಾಯ ನೆಲದಿಂದ ಮೊಳ ಮೇಲೆ, ತನ್ನ ಸ್ವಂತ ಹೊಲಿಗೆಯಲ್ಲಿ ತೂಗುತ್ತಿದ್ದ. ಹೊಲಿಗೆ ಕೂದಲೆಳೆಯಷ್ಟೂ ಅಲುಗಲಿಲ್ಲ.

"ಆತಲ್ಲ? ಇಳಸ್ರಿನ್ನ!"

"ತಡಿಯೋ," ಎಂದ ಬೀರಸಿದ್ದಪ್ಪ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಬಿಚ್ಚುತ್ತ. "ಒಂದೊಂದ ಗಿಡದಾಗ ನಾ ಅರ್ಧಾ ತಾಸ ಇರ್ತೀನಿ. ಅಷ್ಟ ಹೊತ್ತಾದ್ರೂ ನೋಡಬೇಕಲ್ಲ."

ಸಿದ್ರಾಯ ದೈನ್ಯದಿಂದ ಹೆಂಡತಿಯ ಕಡೆ ತಿರುಗಿದ. ಅಲ್ಲವ್ವ ಅಂಗಡಿಯೊಳಗೆ ಹೋಗಿ ಬಂದಳು. ಅವಳ ಕೈಯಲ್ಲಿ ಸೂಜಿ ದಾರ ಮತ್ತು ಯಾರದೋ ಹಸಿರು ರವಿಕೆಯಿತ್ತು.

"ಅರ್ಧಾ ತಾಸ ಸುಮ್ನ ಜೋತುಬಿದ್ದ ಏನ್ ಮಾಡ್ತೀರಿ? ಈ ಜಂಪರಿನ ಸಲುವಾಗಿ ಇಂದ್ರವ್ವ ಮುಂಜಾನಿಂದ ನಾಕ ಸಲ ಬಂದು ಹೋಗ್ಯಾಳಂತ. ಹುಕ್ಕಾದ್ರೂ ಹಚ್ಚರಿ."