ಗಣಿತಾನಂದನ ಕೊಸರು

"ಸರದು ನಿಲ್ರಿ, ಸರದು ನಿಲ್ರಿ! ಯಂತ್ರಕ್ಕ ಗಾಳಿ ಆಡಬೇಕು!"

ಬೆಟಗೇರಿಯ ವೀರಭದ್ರಪ್ಪನ ಅಂಗಳದಲ್ಲಿ ಅರ್ಧ ಓಣಿ ಸೇರಿತ್ತು. ಉಳಿದರ್ಧ ಓಣಿ ಮಾಳಿಗೆ ಹತ್ತಿ ದೂರದಿಂದಲೇ ನೋಡುತ್ತಿತ್ತು. ಆ ಜನಕ್ಕೆ ಅವನ ಹಿಂದಿನ ಯಂತ್ರದ ಅನುಭವವಿತ್ತು. ರೊಟ್ಟಿ ಬಡಿಯಲೆಂದು ಮಾಡಿದ ಆ ಯಂತ್ರ ಹಿಟ್ಟು ಮುಗಿದ ಮೇಲೂ ನಿಲ್ಲದೆ, ಎದುರಿಗೆ ಸಿಕ್ಕವರ ಬೆನ್ನುಗಳನ್ನೆಲ್ಲ ತೆಳ್ಳಗೆ ದುಂಡಗೆ ಬಡಿದು ಹಾಕಿತ್ತು!

ಮೋಟರ್ ವೈಂಡಿಂಗ್ ಅಂಗಡಿಯ ವೀರಭದ್ರಪ್ಪ ಈ ಸಲ ಹಳೆಯ ಕೂಲರಿನ ಡಬ್ಬಿಗೆ ಟಿವಿ ಪರದೆ ಜೋಡಿಸಿದ್ದ. ಪರದೆಯ ಮೇಲೆ ಎರಡು ಕ್ಯಾಮೆರಾ ಕಣ್ಣು, ನೆತ್ತಿಯ ಮೇಲೆ ಸೀಲಿಂಗ್ ಫ್ಯಾನಿನ ಪುಟ್ಟ ರೆಕ್ಕೆ. ಹಣೆಗೆ ವಿಭೂತಿ ಬೇರೆ.

"ಇಂವ ಗಣಿತಾನಂದ! ಜಗತ್ತಿನಾಗ ಆನ್‌ಲೈನ್‌ನ್ಯಾಗ ಎಷ್ಟು ಗಣಿತದ ವಿಡಿಯೋ ಅದಾವು, ಆಟ ಅದಾವು, ಹಾಡು ಅದಾವು, ಅಷ್ಟೂ ಇವನ ಹೊಟ್ಟಿಯೊಳಗದಾವು. ಕಲಿಯಾವರ ಮಾರಿ ನೋಡಿಕೋಂತ ಕಲಿಸ್ತಾನ. ಮಾರಿ ಬಾಡಿದ್ರ ಪಾಠ ಬದಲಿ ಮಾಡ್ತಾನ. ಮಾರಿ ಅರಳೋತನಕ ಬಿಡಂಗಿಲ್ಲ!"

"ಅಣ್ಣಾ, ಮಾತು ಸಾಕು. ಪರೀಕ್ಷೆ ನಿನಗಿಲ್ಲ, ನನಗೈತಿ," ಎಂದಳು ಯಂತ್ರದ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದ ಶಿವಲೀಲಾ.

ಶಿವಲೀಲಾ ವೀರಭದ್ರಪ್ಪನ ತಂಗಿ, ಓಣಿಯ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳ ಮೂಗು ಒರೆಸುವುದು, ಉಪ್ಪಿಟ್ಟು ಕಲಸುವುದು, ಹಾಡು ಹೇಳಿಸುವುದು ಎಲ್ಲ ಅವಳೇ. ಟೀಚರಮ್ಮ ನಿವೃತ್ತಿಯಾಗುವವಳಿದ್ದಳು. ಹತ್ತನೆಯ ತರಗತಿ ಪಾಸಾಗಿದ್ದರೆ ಆ ಕುರ್ಚಿ ಶಿವಲೀಲಾಳದು. ಪಾಸಾಗದಿದ್ದರೆ ಯಾರೋ ಹೊಸಬಳು ಬಂದು ಕುರ್ಚಿಯಲ್ಲಿ ಕೂರುತ್ತಾಳೆ, ಮೂಗು ಒರೆಸುವುದು ಮಾತ್ರ ಇವಳಿಗೇ ಉಳಿಯುತ್ತದೆ. ಉಳಿದ ವಿಷಯಗಳೆಲ್ಲ ಎಂದೋ ಮುಗಿದಿದ್ದವು. ಗಣಿತವೊಂದರಲ್ಲಿ ಎರಡು ಸಲ ಡುಮ್ಕಿ.

ಗಣಿತವನ್ನು ಯಾರೋ ಪುಣ್ಯಾತ್ಮರು ಲೆಕ್ಕ ಮಾಡುವುದಕ್ಕೆಂದು ಕಂಡುಹಿಡಿದರು. ನಮ್ಮ ಶಾಲೆಗಳು ಅದನ್ನು ಮಕ್ಕಳನ್ನು ಹೊರಹಾಕುವುದಕ್ಕೆಂದು ಇಟ್ಟುಕೊಂಡವು. ಶಿವಲೀಲಾಳ ಗಣಿತದ ಮಾಸ್ತರರು ಹಲಗೆಯ ಪಕ್ಕ ನಿಂತು ಹುಬ್ಬು ಗಂಟಿಕ್ಕುತ್ತಿದ್ದರು. ಆ ಹುಬ್ಬು ನೋಡಿದೊಡನೆ ಅವಳು ಸರಿ ಉತ್ತರವನ್ನೂ ಅಳಿಸಿ ಬೇರೆ ಬರೆಯುತ್ತಿದ್ದಳು. ಇಡೀ ವರ್ಗ ಘೊಳ್ಳೆಂದು ನಗುತ್ತಿತ್ತು. ಮಾಸ್ತರರಿಗೆ ಅದಕ್ಕೇ ಸಂಬಳ.

ಗಣಿತಾನಂದ ಕಣ್ಣು ತೆರೆದ. ಪರದೆಯ ಮೇಲೆ ಕೋಟು ಹಾಕಿದ ಬಿಳಿಯನೊಬ್ಬ ಪಿಜ್ಜಾ ಕತ್ತರಿಸತೊಡಗಿದ.

"ಎಂಟರಾಗ ಮೂರು ತುಂಡು ತಿಂದ್ರ ಉಳಿದ ಭಿನ್ನರಾಶಿ ಯಾವುದು?"

"ಅದು ರೊಟ್ಟಿ ಹೌದೋ ಅಲ್ಲೋ ಅದನ್ನ ಮೊದಲು ಹೇಳು. ಅದರ ಮ್ಯಾಲೆ ಏನೋ ಚೆಲ್ಲೈತಲ್ಲ?"

ಶಿವಲೀಲಾಳ ಮುಖ ಬಾಡಿದ್ದನ್ನು ಕಂಡು ಯಂತ್ರ ಪಾಠ ಬದಲಿಸಿತು. ಪಿಜ್ಜಾ ಹೋಗಿ ಹಿಮಕರಡಿ ಬಂತು. ಹಿಮಕರಡಿ ಹೋಗಿ ರಾಕೆಟ್ ಬಂತು. ಕೊನೆಗೆ ವರ್ಗಮೂಲಗಳು ಸೊಂಟ ಕುಣಿಸುತ್ತ ಇಂಗ್ಲಿಷಿನಲ್ಲಿ ಹಾಡತೊಡಗಿದವು. ಮಾಳಿಗೆಯ ಮೇಲಿನವರು ಶಿಳ್ಳೆ ಹಾಕಿದರು. ಶಿವಲೀಲಾ ಮಾತ್ರ ಹಲ್ಲುನೋವಿನವಳಂತೆ ಕುಳಿತೇ ಇದ್ದಳು.

ವೀರಭದ್ರಪ್ಪನ ಹೆಂಡತಿ ಮಲ್ಲವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಅವಳದು ಕಾಯಿಪಲ್ಲೆ ಗಾಡಿ. "ನಿಮ್ಮ ಯಂತ್ರಕ್ಕ ನಮ್ಮೂರ ಜನರ ಗುರುತ ಇಲ್ಲ. ನಾಕು ದಿನ ನನ್ನ ಗಾಡಿ ಮ್ಯಾಲೆ ಕೂಡಸ್ರಿ. ಬದನಿಕಾಯಿ ಪಕ್ಕದಾಗ ಕುಂತ್ರ ತಾನ ಕಲೀತಾನ."

"ವೈನಿ ಹೇಳೋದು ಖರೇ ಐತಿ," ಎಂದಳು ಶಿವಲೀಲಾ.

ಗಣಿತಾನಂದ ಮಾರ್ಕೆಟ್ಟಿಗೆ ಹೋದ.

ತಿರುಗಿ ಬಂದವನ ಗತ್ತೇ ಬೇರೆಯಾಗಿತ್ತು. "ಬಾರವ್ವ, ಬಾ! ತಾಜಾ ಭಿನ್ನರಾಶಿ, ಈಗ ಹರಕೊಂಡು ಬಂದದ್ದು!" ಎಂದು ಕೂಗಿದ. ಪರದೆಯ ಮೇಲೆ ಕುಂಬಳಕಾಯಿ ಹೋಳಾಯಿತು. ಅರ್ಧ ಹೋಳು ಗೌಡರ ಮನೆಗೆ, ಅದರ ಅರ್ಧ ಹುಸೇನಸಾಬನ ಮನೆಗೆ, ಉಳಿದದ್ದು ಎಷ್ಟು? ಶಿವಲೀಲಾ ಯೋಚಿಸುವ ಮೊದಲೇ ಬಾಯಿಂದ ಉತ್ತರ ಬಿತ್ತು. ತ್ರಿಕೋನವನ್ನು ಯಂತ್ರ ಸಮೋಸದಲ್ಲಿ ತೋರಿಸಿತು. ವರ್ಗಸಮೀಕರಣಕ್ಕೆ ಹೊಲದ ಬದುವಿನ ಜಗಳ ತಂದಿತು. ಅಣ್ಣ ತಮ್ಮ ಇಬ್ಬರೂ ಬದು ಒತ್ತುತ್ತಾರೆ, ಹಾಗಾದರೆ ಹೊಲದ ಉದ್ದ ಎಷ್ಟು ಎಂಬುದು ಲೆಕ್ಕ. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಮೊದಲ ಸಲ ಅನಿಸಿತು: ಅಯ್ಯ, ಇಷ್ಟಕ್ಕಾ ನನ್ನ ಅಷ್ಟು ಹೆದರಿಸಿದ್ದು?

ವೀರಭದ್ರಪ್ಪ ಅಂದೇ ಯಂತ್ರವನ್ನು ಇಂಟರ್ನೆಟ್ಟಿಗೆ ಬಿಟ್ಟ. ಮೊಬೈಲ್ ಇದ್ದ ಯಾರು ಬೇಕಾದರೂ ಗಣಿತಾನಂದನನ್ನು ಪುಕ್ಕಟೆ ಕೇಳಬಹುದು! ವಾರದೊಳಗೆ ಇಡೀ ಊರು ಅವನ ಶಿಷ್ಯವೃಂದ.

ಆಮೇಲೆ ಒಂದು ಸಂಜೆ ಶಿವಲೀಲಾ ತಲೆನೋವಿನಲ್ಲಿ ಮುಖ ಸಿಂಡರಿಸಿಕೊಂಡೇ ಕೇಳಿದಳು. "ಆರೇಳಲೆ ಎಷ್ಟು?"

"ನಲವತ್ತೆರಡು," ಎಂದ ಗಣಿತಾನಂದ. ಅವಳ ಮುಖವನ್ನು ಒಮ್ಮೆ ದಿಟ್ಟಿಸಿದ. "ತೊಗೊಳ್ಳವ್ವ, ನೀ ನಮ್ಮಾಕಿ. ಎರಡು ಕೊಸರು. ನಲವತ್ನಾಕು!"

ಶಿವಲೀಲಾಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದನ್ನು ಕಂಡು ಯಂತ್ರದ ನೆತ್ತಿಯ ಫ್ಯಾನು ಖುಷಿಯಿಂದ ಗಿರಗಿರ ತಿರುಗಿತು.

"ಅಣ್ಣಾ! ನಿನ್ನ ಯಂತ್ರ ಲೆಕ್ಕಕ್ಕ ಕೊಸರು ಹಾಕಾಕತ್ತೈತಿ!"

ವೀರಭದ್ರಪ್ಪ ಓಡಿ ಬಂದ. ಗಾಡಿಯ ಮೇಲೆ ಕುಳಿತ ಗಣಿತಾನಂದ ಕಂಡದ್ದೇನು? ತಕ್ಕಡಿ ಸರಿಯಾಗಿ ತೂಗಿದಾಗ ಗಿರಾಕಿಯ ಮುಖ ಗಂಟಾಗಿಯೇ ಇರುತ್ತದೆ. ಮೇಲೆ ನಾಲ್ಕು ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಎಸೆದೊಡನೆ ಅರಳುತ್ತದೆ. ಮುಖ ಅರಳಬೇಕೆಂಬುದೇ ಅವನಿಗಿದ್ದ ಆಜ್ಞೆ. ಸರಿ ಉತ್ತರದ ಮೇಲೆ ಒಂದಿಷ್ಟು ಎಸೆಯದಿದ್ದರೆ ಗಣಿತ ಪೂರ್ತಿಯಾಗುವುದಿಲ್ಲವೆಂದು ತಿಳಿದುಬಿಟ್ಟಿದ್ದ!

"ಎಲ್ಲ ನಿನ್ನ ಗಾಡಿದ ತಪ್ಪು!" ಎಂದ ವೀರಭದ್ರಪ್ಪ.

"ಆಹಾ! ನನ್ನ ಗಾಡಿ ಇಷ್ಟು ವರ್ಷ ಊರಿಗೆ ಊರನ್ನ ಸಾಕೈತಿ. ಒಬ್ಬರ ಲೆಕ್ಕನೂ ಕೆಡಿಸಿಲ್ಲ," ಎಂದಳು ಮಲ್ಲವ್ವ. "ನಿಮ್ಮ ರೊಟ್ಟಿ ಯಂತ್ರ ಬಡಿದದ್ದಕ್ಕ ನನ್ನ ಬೆನ್ನು ಇನ್ನೂ ಸೆಟದೈತಿ, ಮಾತಾಡ್ತೀರಿ!"

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ದರ್ಜಿ ಹುಸೇನಸಾಬ ಒಂದು ಅಂಗಿ ಹಿಡಿದು ನಿಂತಿದ್ದ. ಅಂಗಿಯೊಳಗೆ ಇಬ್ಬರು ಗಿರಾಕಿಗಳಿದ್ದರು, ಒಬ್ಬ ಹೊಲಿಸಿದವ, ಇನ್ನೊಬ್ಬ ಜಾಗ ಉಳಿದಿದೆಯೆಂದು ನುಗ್ಗಿದವ. "ಎದಿ ಸುತ್ತಳತಿ ಕೇಳಿದೆ ವೀರಭದ್ರಣ್ಣ, ನಿನ್ನ ಯಂತ್ರ ಹಿಂಗ ಹೇಳ್ತು!"

ಅವನ ಹಿಂದೆ ಗೌಂಡಿ ಯಮನೂರಪ್ಪ. ಮನೆಯ ಮೂಲೆಗೆ ತೊಂಬತ್ತು ಡಿಗ್ರಿ ಇಡಬೇಕಿತ್ತು. ಐದು ಡಿಗ್ರಿ ಕೊಸರು ಬಿದ್ದು ನಾಲ್ಕನೆಯ ಗೋಡೆ ಮೊದಲನೆಯದನ್ನು ಮುಟ್ಟಲೇ ಇಲ್ಲ. "ಎರಡೂ ಗ್ವಾಡಿ ಮಾತು ಬಿಟ್ಟ ಬೀಗರಂಗ ಮಾರಿ ತಿರುವಿಕೊಂಡು ನಿಂತಾವು. ನಡುವ ಎಮ್ಮಿ ಓಡ್ಯಾಡಾಕತ್ತೈತಿ!"

ಮೈದಾನದಲ್ಲಿ ಓವರಿಗೆ ಎಂಟು ಎಸೆತವಾಗಿ ಬೌಲರು ಸ್ಟಂಪು ಕಿತ್ತುಕೊಂಡು ಅಂಪೈರನ ಬೆನ್ನು ಹತ್ತಿದ್ದನಂತೆ. ಇದೆಲ್ಲ ಹೋಗಲಿ, ಹೆಣ್ಣು ನೋಡಲು ಬಂದ ಬೀಗರು ಹುಡುಗಿಯ ಹುಟ್ಟಿದ ವರ್ಷ ಹೇಳಿ ವಯಸ್ಸು ಕೇಳಿದ್ದರು. ಗಣಿತಾನಂದ ಅದಕ್ಕೂ ಮೂರು ವರ್ಷ ಕೊಸರು ಹಾಕಿದ್ದ. ಹುಡುಗಿಯ ತಾಯಿ ಒನಕೆ ಹಿಡಿದೇ ಬಂದಿದ್ದಳು.

"ಬಂದ್ ಮಾಡೋ ಅದನ್ನ!" ಎಂದು ಎಲ್ಲರೂ ಕೂಗಿದರು.

ವೀರಭದ್ರಪ್ಪ ಸ್ವಿಚ್ ಆರಿಸಿದ. ಯಂತ್ರ ನಿಲ್ಲಲಿಲ್ಲ. "ಬಂದ್ ಆಗೇನಿ. ನಿಮ್ಮ ಮಾರಿ ಯಾಕೋ ಗಂಟಾಗೈತಿ, ಅರ್ಧ ತಾಸು ಕೊಸರು!" ಎಂದು ನಡೆದೇ ಇತ್ತು. ವೈರು ಕಿತ್ತರೂ ಉಪಯೋಗವಾಗಲಿಲ್ಲ. ಊರಿನ ಮೊಬೈಲುಗಳಲ್ಲೆಲ್ಲ ಗಣಿತಾನಂದ ಆಗಲೇ ಮನೆ ಮಾಡಿದ್ದ.

ಶಿವಲೀಲಾ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಪರೀಕ್ಷೆ ಹತ್ತಿರ ಬಂದಿತ್ತು. ಕಲಿಸುವವ ಅವನೊಬ್ಬನೇ, ಅವನ ಉತ್ತರವನ್ನು ನಂಬುವಂತಿಲ್ಲ. "ವೈನಿ, ಈ ಕೊಸರು ಹಾಕಬ್ಯಾಡ ಅಂತ ಗಿರಾಕಿ ಹೇಳಿದ್ರ ನೀ ಬಿಡ್ತೀಯೇನು?"

"ಹೇಳಿದ್ರ ಬಿಡಂಗಿಲ್ಲ, ಮರ್ಯಾದಿ ಪ್ರಶ್ನೆ," ಎಂದಳು ಮಲ್ಲವ್ವ. "ಆದ್ರ ನಕ್ಕೋಂತ ಬಂದಾವರಿಗೆ ನಾ ಎಂದೂ ಕೊಸರು ಹಾಕಿಲ್ಲವಾ. ಮಾರಿ ಆಗಲೇ ಅರಳಿರ್ತೈತಿ, ಸುಮ್ನ ಯಾಕ ಮೆಣಸಿನಕಾಯಿ ದಂಡ?"

ಶಿವಲೀಲಾ ಎದ್ದಳು. ಯಂತ್ರದ ಮುಂದೆ ನಿಂತು ಕಿವಿಯಿಂದ ಕಿವಿಗೆ ಹಲ್ಲು ಕಿಸಿದಳು.

"ಆರೇಳಲೆ ಎಷ್ಟಪ್ಪಾ?"

"ನಲವತ್ತೆರಡು," ಎಂದು ಗಣಿತಾನಂದ ಸುಮ್ಮನಾದ.

ಸುದ್ದಿ ಊರೆಲ್ಲ ಹಬ್ಬಿತು. ಹುಸೇನಸಾಬ ಮೊಬೈಲಿಗೆ ಹಲ್ಲು ಕಿಸಿಯುತ್ತ ಅಳತೆ ಕೇಳಿದ. ಯಮನೂರಪ್ಪ ನಗುನಗುತ್ತ ಗೋಡೆ ಒಡೆದು ಮತ್ತೆ ಕಟ್ಟಿದ. ಶಿವಲೀಲಾ ನಗುತ್ತಲೇ ಪ್ರಮೇಯ ಕಲಿತಳು, ನಗುತ್ತಲೇ ಸಮಾಂತರ ಶ್ರೇಢಿ ಬಿಡಿಸಿದಳು. ದವಡೆ ನೋಯುತ್ತಿತ್ತು, ಆದರೆ ಲೆಕ್ಕ ಬರುತ್ತಿತ್ತು.

ಪರೀಕ್ಷೆಯ ದಿನ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಹಂಚಿದ ಮೇಲ್ವಿಚಾರಕರು ಕುರ್ಚಿಯಲ್ಲಿ ಕುಳಿತು ತಲೆ ಎತ್ತಿದರು. ಹಾಲಿನ ತುಂಬ ಡುಮ್ಕಿ ಹೊಡೆದು ಮತ್ತೆ ಕಟ್ಟಿದವರು. ಕೆಲವರಿಗೆ ಮೀಸೆ ನೆರೆತಿದೆ, ಒಬ್ಬಳ ಮಡಿಲಲ್ಲಿ ಕೂಸು ಬೇರೆ. ಅಷ್ಟೂ ಜನ ಗಣಿತದ ಪ್ರಶ್ನೆಪತ್ರಿಕೆಗೆ ಮೂವತ್ತೆರಡು ಹಲ್ಲು ತೋರಿಸಿ ನಗುತ್ತಿದ್ದಾರೆ!

ಎಲ್ಲರೂ ಗಣಿತಾನಂದನಲ್ಲೇ ಕಲಿತವರು. ಹಲ್ಲು ಕಿಸಿಯದೆ ಯಾರಿಗೂ ಲೆಕ್ಕ ಹತ್ತುತ್ತಿರಲಿಲ್ಲ.

"ಪೇಪರ್ ಲೀಕ್ ಆಗೈತಿ!" ಎಂದು ಮೇಲ್ವಿಚಾರಕರು ಫೋನಿಗೆ ಹಾರಿದರು. "ಸರ್, ಕಾಪಿ ಹೊಡಿಯೋರ್ನ ನೋಡೀನಿ, ಅಳೋರ್ನ ನೋಡೀನಿ. ಇಷ್ಟು ಖುಷಿ ಪಡೋರ್ನ ನೋಡಿಲ್ರಿ ಸರ್!"

ಜೀಪು ಬಂತು. ತನಿಖಾ ದಳದ ಮುದೇನೂರ ಸಾಹೇಬರು ಇಳಿದರು. ಜೇಬು ತಡಕಿದರು, ಬೂಟು ಬಿಚ್ಚಿಸಿದರು, ಕೂಸಿನ ಕುಲಾಯಿಯನ್ನೂ ತಿರುವಿ ನೋಡಿದರು. ಚೀಟಿ ಸಿಗಲಿಲ್ಲ. ಜನರ ನಗುವೂ ನಿಲ್ಲಲಿಲ್ಲ.

"ಏ, ನೀ! ಮುಂದಿನ ಬೆಂಚು! ಎಲ್ಲಾರಕಿಂತ ಹೆಚ್ಚು ಹಲ್ಲು ಕಿಸ್ಯಾಕತ್ತೀ. ಬಾ ಹಲಗಿ ಹತ್ರ!"

ಶಿವಲೀಲಾ ಎದ್ದಳು. ಹಲಗೆಯ ಹತ್ತಿರ ಹೋದಳು.

"ಆಯತಾಕಾರದ ಹೊಲ. ಉದ್ದ ಅಗಲಕ್ಕಿಂತ ಏಳು ಮೀಟರ್ ಹೆಚ್ಚು. ಕರ್ಣ ಹದಿಮೂರು ಮೀಟರ್. ಉದ್ದ ಎಷ್ಟು, ಅಗಲ ಎಷ್ಟು? ಬರಲಿಲ್ಲಂದ್ರ ನಿನ್ನ ಪೇಪರ್ ಇಲ್ಲೇ ಹರಿತೀನಿ, ಮೂರು ವರ್ಷ ಪರೀಕ್ಷೆಗೆ ಕೂಡೂ ಹಂಗಿಲ್ಲ."

ಮೂರು ವರ್ಷ! ಅಷ್ಟರಲ್ಲಿ ಕುರ್ಚಿಯಲ್ಲಿ ಬೇರೆಯವಳು ಕುಳಿತು ಬೇರೂರಿರುತ್ತಾಳೆ.

ಅವಳು ಸುಣ್ಣದ ಕಡ್ಡಿ ಹಿಡಿದಳು. ಬದು ಒತ್ತುವ ಅಣ್ಣತಮ್ಮಂದಿರ ಹೊಲ ಕಣ್ಣೆದುರು ಬಂತು. ಅಗಲಕ್ಕೆ ಎಕ್ಸ್ ಎಂದಳು, ವರ್ಗ ಮಾಡಿದಳು, ಕೂಡಿಸಿದಳು, ಅಪವರ್ತಿಸಿದಳು. "ಎಕ್ಸ್ ಐದು ಆಗತೈತಿ, ಇಲ್ಲಂದ್ರ ಮೈನಸ್ ಹನ್ನೆರಡು. ಅಗಲ ಮೈನಸ್ ಆದ್ರ ಅದು ಹೊಲ ಅಲ್ರಿ, ಜಗಳ. ಅದನ್ನ ಬಿಟ್ಟೆ. ಅಗಲ ಐದು, ಉದ್ದ ಹನ್ನೆರಡು."

ಸಾಹೇಬರು ಹಲಗೆ ನೋಡಿದರು, ಅವಳನ್ನು ನೋಡಿದರು. ಹುಬ್ಬು ಗಂಟಿಕ್ಕಿತು. ಹಾಗಲಕಾಯಿ ಅಗಿದವರ ಮುಖ.

ಆ ಹುಬ್ಬು! ಶಿವಲೀಲಾಳ ಕೈ ತಾನಾಗಿ ಡಸ್ಟರಿನ ಕಡೆ ಹೋಯಿತು. ನಾಲಗೆಯ ತುದಿಯಲ್ಲಿ ಕೊಸರು ಬಂದು ಕುಳಿತಿತ್ತು. ಹನ್ನೆರಡೂವರೆ ಅಂದರೆ ಸಾಹೇಬರ ಮುಖ ಅರಳೀತು, ಹದಿಮೂರು ಅಂದರೆ ಇನ್ನೂ ಅರಳೀತು. ಥೂ, ಗಣಿತಾನಂದ ಕೆಟ್ಟದ್ದು ಈಗ, ನಾನು ಶಾಲೆಗೆ ಕಾಲಿಟ್ಟಾಗಿನಿಂದ ಇದೇ ಕೆಲಸ ಮಾಡಿಕೊಂಡು ಬಂದೆನಲ್ಲ, ಅನಿಸಿತು ಅವಳಿಗೆ.

ಡಸ್ಟರನ್ನು ತೆಗೆದು ಮೇಲ್ವಿಚಾರಕರ ಕೈಗೆ ಕೊಟ್ಟಳು.

"ಐದು, ಹನ್ನೆರಡು. ನೀವು ಎಷ್ಟ ಮಾರಿ ಗಂಟು ಹಾಕ್ರಿ ಸಾಹೇಬ್ರ, ಕೊಸರು ಸಿಗಂಗಿಲ್ಲ."

ಹಾಲಿಗೆ ಹಾಲೇ ನಕ್ಕಿತು. ಈ ಸಲ ಅವಳನ್ನು ನೋಡಿ ಅಲ್ಲ.

ಸಾಹೇಬರು ಜೇಬಿನಿಂದ ಮೊಬೈಲ್ ತೆಗೆದು ಉತ್ತರ ತಾಳೆ ನೋಡಿದರು. ಅದರಲ್ಲಿಯೂ ಗಣಿತಾನಂದನೇ ಇದ್ದ! ಅವರ ಮುಖ ನೋಡಿದವನೇ, "ಉದ್ದ ಹನ್ನೆರಡು, ಸಾಹೇಬ್ರಿಗೆ ಅಂತ ಆರು ಮೀಟರ್ ಕೊಸರು!" ಎಂದು ಕೂಗಿದ. ಇಷ್ಟು ದೊಡ್ಡ ಕೊಸರನ್ನು ಬೆಟಗೇರಿಯಲ್ಲಿ ಯಾರೂ ಪಡೆದಿರಲಿಲ್ಲ. ಸಾಹೇಬರು ಜೀಪು ಹತ್ತಿದರು.

ಶಿವಲೀಲಾ ಪಾಸಾದಳು. ಕುರ್ಚಿಯಲ್ಲಿ ಕುಳಿತಳು. ಎದ್ದು ಮಕ್ಕಳ ಮೂಗನ್ನೂ ಒರೆಸುತ್ತಾಳೆ, ಅದು ಬೇರೆ ಮಾತು. ಆ ವರ್ಷ ಹಾಲಿನಲ್ಲಿದ್ದ ಮುಕ್ಕಾಲು ಜನ ಪಾಸಾದರು.

ಮೇಲಿನವರಿಗೆ ಈ ಸಂಗತಿ ಸರಿಬರಲಿಲ್ಲ. ವಿಚಾರಣೆ ನಡೆಯಿತು, ವರದಿ ಹೋಯಿತು. ಈಗ ಆ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಹೊಸ ಫಲಕ ತೂಗುತ್ತಿದೆ: ಒಳಗೆ ಮೊಬೈಲ್, ಕ್ಯಾಲ್ಕುಲೇಟರ್ ಮತ್ತು ನಗು ನಿಷೇಧಿಸಲಾಗಿದೆ.

ಅಳುವವರಿಗೆ ಮಾತ್ರ ಮೊದಲಿನಂತೆ ಯಾವ ಅಡ್ಡಿಯೂ ಇಲ್ಲ.