ಹಿತ್ತಲಲ್ಲಿ ಹೂತ ಸೇರು

"ನೀನು ನೆಮ್ಮದಿಯಾಗಿ ಹೋಗಿ ನಿಮ್ಮವ್ವನ್ನ ನೋಡ್ಕೊ. ನೀನಿಲ್ದಿದ್ರೆ ನಾನೇನು ಬಾಡೋಯ್ತೀನಾ? ರಾಜನಂಗಿರ್ತೀನಿ!"

ಹಲಗೂರು ಬಸ್‌ಸ್ಟಾಂಡಿನಲ್ಲಿ ನನ್ನ ಹೆಂಡತಿ ಭಾಗ್ಯಲಕ್ಷ್ಮಿಗೆ ಹೀಗೆ ಘೋಷಿಸಿದಾಗ ಮದ್ದೂರು ಬಸ್ಸಿನ ಕಂಡಕ್ಟರ್ ಕೂಡ ತಿರುಗಿ ನೋಡಿದ. ಬೆಸಗರಹಳ್ಳಿಯಲ್ಲಿ ನಮ್ಮತ್ತೆ ದೊಡ್ಡತಾಯಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಮಗಳು ಹೊರಟಳು. ರಾಜ ಮನೆಗೆ ಬಂದ. ಬೀಗ ತೆಗೆದ. ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಹದಿನೈದು ದಿನದಲ್ಲಿ ರಾಜನಿಗೆ ಗೋಡೆ ಗಡಿಯಾರದ ಸದ್ದು ಹಿತ್ತಲಿಗೂ ಕೇಳಿಸತೊಡಗಿತು. ಒಂದು ಮುದ್ದೆ ಸಾಕು, ಆದರೂ ಕೈ ಎರಡು ಕಟ್ಟುತ್ತಿತ್ತು. ಭಾಗ್ಯ ಫೋನ್ ಮಾಡಿ "ಉಂಡ್ರಾ?" ಅನ್ನುವಳು. "ಭರ್ಜರಿಯಾಗಿ!" ಅನ್ನುತ್ತಿದ್ದೆ. ಅಷ್ಟರಲ್ಲಿ ಒಳಗಿಂದ ಅತ್ತೆ ಕೂಗುವರು. ಫೋನ್ ಕಟ್!

ಆಗ ಮೊಬೈಲಿನಲ್ಲಿ ಒಂದು ಆಟ ಕಂಡಿತು. ಯಾವುದೋ ದೇಶದ ಜನ ಹಿತ್ತಲಲ್ಲಿ ನಿಂತು ವಾಷರ್ ಎಸೆಯುತ್ತಿದ್ದರು. ಬೋಲ್ಟಿಗೆ ಹಾಕುವ ಅದೇ ಕಬ್ಬಿಣದ ಬಿಲ್ಲೆ! ಮೂವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವನ ಮನೆಯಲ್ಲಿ ವಾಷರಿಗೆ ಬರವೇ? ನಿಯಮವೂ ಸುಲಭ. ಒಂದು ಪಾತ್ರೆಯನ್ನು ಬಾಯಿಮಟ್ಟ ನೆಲದಲ್ಲಿ ಹೂಳಬೇಕು. ಹತ್ತು ಹೆಜ್ಜೆ ದೂರದಲ್ಲಿ ಗೆರೆ ಎಳೆದು ನಿಲ್ಲಬೇಕು. ಒಬ್ಬೊಬ್ಬರಿಗೆ ನಾಲ್ಕು ವಾಷರ್. ಒಳಗೆ ಬಿದ್ದರೆ ಮೂರು ಪಾಯಿಂಟು. ಯಾರದೂ ಬೀಳದಿದ್ದರೆ ಹತ್ತಿರ ಬಿದ್ದವರಿಗೆ ಒಂದು. ಮೊದಲು ಇಪ್ಪತ್ತೊಂದು ಮುಟ್ಟಿದವರು ಗೆದ್ದರು.

ಪ್ಲಾಸ್ಟಿಕ್ ಡಬ್ಬ ಹೂತೆ. ಒಡೆಯಿತು. ಸ್ಟೀಲ್ ಲೋಟ ಹೂತೆ. ಕಿತ್ತು ಬಂತು. ಕೊನೆಗೆ ಅಟ್ಟದ ಮೇಲಿದ್ದ ಹಿತ್ತಾಳೆ ಸೇರಿನ ಮೇಲೆ ಕಣ್ಣು ಬಿತ್ತು. ಅಕ್ಕಿ ತುಂಬಿಸಿ ಹೊಸಿಲ ಮೇಲಿಟ್ಟಿದ್ದ ಈ ಸೇರನ್ನೇ ಒದ್ದು ಭಾಗ್ಯ ಇಪ್ಪತ್ತೆಂಟು ವರ್ಷದ ಹಿಂದೆ ಈ ಮನೆಗೆ ಬಂದಿದ್ದಳು. ಬೀದಿಯ ಸೊಸೆಯರೆಲ್ಲ ಇದನ್ನೇ ಒದ್ದು ಒಳಗೆ ಬಂದವರು. ಅಂಥಾ ಸೇರನ್ನು ಹೂತೆ! ಅಲ್ಲಾಡದಿರಲೆಂದು ಸುತ್ತ ಸಿಮೆಂಟ್ ಬೇರೆ ಮೆತ್ತಿದೆ. ವಾಷರ್ ಬಿದ್ದಾಗಲೆಲ್ಲ ಟಣ್ ಅನ್ನುತ್ತಿತ್ತು. ಅಡುಗೆಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸಿ ಸಂತೋಷವಾಗುತ್ತಿತ್ತು.

ಎದುರಾಳಿ ಯಾರು? ಬಲಗೈ ನಾನು, ಎಡಗೈ ಭಾಗ್ಯ! ಅವಳು ಕುಳ್ಳಿಯಾದ್ದರಿಂದ ಎಡಗೈಗೆ ಎರಡು ಹೆಜ್ಜೆ ರಿಯಾಯಿತಿ. ಅವಳ ಪರವಾಗಿ ಜಗಳವನ್ನೂ ನಾನೇ ಆಡುತ್ತಿದ್ದೆ. "ಗೆರೆ ತುಳುದ್ರಿ!" "ಎಲ್ಲೇ ತುಳುದೆ?" ಗೆದ್ದ ಆಟಗಳನ್ನು ಇದ್ದಿಲಿನಿಂದ ಹಿತ್ತಲ ಗೋಡೆಯ ಮೇಲೆ ಬರೆದಿದ್ದೆ. ನಾನು 9, ಭಾಗ್ಯ 31.

ಒಂದು ಭಾನುವಾರ ಮಧ್ಯಾಹ್ನ ಎದುರುಮನೆಯ ಚಿಕ್ಕಬೋರಮ್ಮ ಓಡಿಬಂದಳು. ಅವಳ ಮಗ ಮಹದೇವುವಿನ ಮದುವೆ ಅಂದು ಬೆಳಿಗ್ಗೆ ಮಳವಳ್ಳಿ ಛತ್ರದಲ್ಲಿ ಮುಗಿದಿತ್ತು.

"ಅಣ್ಣೋ, ಸೇರು ಕೊಡು! ಹೆಣ್ಣು ಗಂಡು ಬತ್ತಾವ್ರೆ. ನಾಕೂವರೆಗೆ ರಾವುಕಾಲ!"

"ಬೇರೆ ಯಾವ್ದಾದ್ರೂ ಸೇರು ಆಗಕಿಲ್ವೇನವ್ವ?"

"ಎಲ್ಲಾರಾ ಉಂಟಾ! ಈ ಸೇರು ಒದ್ದು ಬಂದ ಸೊಸೆ ಒಬ್ಳೂ ತವರಿಗೋಗಿ ಕುಂತಿಲ್ಲ."

ನನ್ನವಳೊಬ್ಬಳನ್ನು ಬಿಟ್ಟು, ಅಂದುಕೊಂಡೆ.

"ಸಿಕ್ನಿಲ್ವಾ? ಭಾಗ್ಯಕ್ಕಂಗೆ ಫೋನಾಕ್ತೀನಿ ತಾಳು."

"ಬ್ಯಾಡಾ!" ನಾನು ಕಿರುಚಿದ ರಭಸಕ್ಕೇ ಕಳ್ಳತನ ಬಯಲಾಯಿತು.

ಐದು ನಿಮಿಷದಲ್ಲಿ ಅರ್ಧ ಬೀದಿ ನಮ್ಮ ಹಿತ್ತಲಲ್ಲಿತ್ತು. ಹಾರೆ ಬಂತು, ಗುದ್ದಲಿ ಬಂತು. ಸೇರೂ ಬಂತು, ಜೊತೆಗೆ ಹಲಸಿನಹಣ್ಣಿನ ಗಾತ್ರದ ಸಿಮೆಂಟೂ ಬಂತು! ಬಿಡಿಸಲು ಹೊತ್ತೆಲ್ಲಿ? ಇಬ್ಬರು ಹೊತ್ತುಕೊಂಡು ಹೋಗಿ ಹೊಸಿಲ ಮೇಲಿಟ್ಟು ಅಕ್ಕಿ ತುಂಬಿದರು. ಮದುಮಗಳು ಶ್ವೇತ ನಯವಾಗಿ ಒದ್ದಳು. ಸೇರು ಅಲ್ಲಾಡಲಿಲ್ಲ. ಜೋರಾಗಿ ಒದ್ದಳು. "ಅವ್ವಾ!" ಎಂದು ಹೆಬ್ಬೆರಳು ಹಿಡಿದುಕೊಂಡು ಒಂಟಿಕಾಲಲ್ಲಿ ಕುಪ್ಪಳಿಸುತ್ತಾ ಮನೆ ಸೇರಿದಳು. ರಾಹುಕಾಲಕ್ಕೆ ಇನ್ನೂ ಎರಡು ನಿಮಿಷವಿತ್ತು.

ಹಾರೆ ಎತ್ತಿಕೊಳ್ಳಲು ಹಿತ್ತಲಿಗೆ ಬಂದ ಚಿಕ್ಕಬೋರಮ್ಮ, "ನನ್ ಸೊಸೆ ಕುಂಟ್ಕಂಡು ಮನೆ ತುಂಬಂಗಾಯ್ತಲ್ಲಣ್ಣ!" ಎಂದು ಬಯ್ಯುತ್ತಲೇ ಗೋಡೆಯ ಮೇಲಿನ ಲೆಕ್ಕ ಓದಿ ನಿಂತಳು. "ಭಾಗ್ಯಕ್ಕ ಊರಲ್ಲೇ ಇಲ್ವಲ್ಲ. ಯಾರ್ ಜೊತೆ ಆಡ್ದೆ?"

ನಾನು ಎಡಗೈ ಎತ್ತಿ ತೋರಿಸಿದೆ.

ಅವಳು ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ನಗಲಿಲ್ಲ. "ಉಣ್ಣಾಕೆ ಬಾ ಅಣ್ಣ," ಅಂದು ಹೋದಳು. ನಾನು ಹೋಗಲಿಲ್ಲ. ಗುಂಡಿಯ ಪಕ್ಕ ಕೂತೆ. ನಿಜ ಹೇಳುತ್ತೇನೆ, ಅಳು ಬಂತು.

ಸಂಜೆ ಫೋನ್ ಬಂತು.

"ಸೇರು ವಿಷ್ಯ ಗೊತ್ತಾಯ್ತಾ?" ಅಂದೆ.

"ಸೇರು ಮನೆ ಆಳಾಗ್ಲಿ ಬುಡಿ. ಗ್ವಾಡೆ ಮ್ಯಾಲೆ ನನ್ನೆಸ್ರು ಬರ್ದಿದ್ದೀರಂತೆ?"

ಚಿಕ್ಕಬೋರಮ್ಮ ಆಗಲೇ ಎಲ್ಲ ಊದಿದ್ದಳು.

"ರಾಜನಂಗಿರ್ತೀನಿ ಅಂದ್ರಿ. ನಾನಿಲ್ದಾಗ್ಲೂ ನನ್ ಕೈಲೇ ಸೋತಿದ್ದೀರಲ್ರೀ!"

"ನಿಂಗೆ ಎರಡು ಹೆಜ್ಜೆ ಬುಟ್ಕೊಟ್ಟಿದ್ದೆ ಕಣೇ," ಅಂದೆ, ಮಾನ ಉಳಿಸಿಕೊಳ್ಳಲು.

ಆಮೇಲೆ, "ಅವ್ವ ಎದ್ದು ಓಡಾಡಾಗಂಟ ನಾನು ಬರಾಕಾಗಕಿಲ್ಲ. ಅಲ್ಲೀಗಂಟ ಆಡ್ತಿರಿ. ಆದ್ರೆ ನಂಗೇನೂ ರಿಯಾಯ್ತಿ ಬ್ಯಾಡ. ಗೆರೆ ಮ್ಯಾಲೇ ನಿಲ್ಸಿ," ಅಂದಳು. ಒಳಗಿಂದ ಅತ್ತೆ ಕೂಗಿದರು. ಫೋನ್ ಕಟ್.

ಕತ್ತಲಾಗುವ ಮುಂಚೆ ಖಾಲಿ ಗುಂಡಿಗೇ ಒಂದು ಆಟ ಆಡಿದೆ. ಟಣ್ ಅನ್ನುವ ಸದ್ದಿರಲಿಲ್ಲ. ಎಡಗೈಯನ್ನೂ ಗೆರೆಯ ಮೇಲೇ ನಿಲ್ಲಿಸಿದ್ದೆ, ಒಂದಿಂಚೂ ರಿಯಾಯಿತಿ ಕೊಡಲಿಲ್ಲ.

ಆದರೂ ಅವಳೇ ಗೆದ್ದಳು!