ಮಾಸ್ತರರ ಚಿತ್ರ ಗೋಡೆಗೇರಿದ್ದು

ನಮ್ಮ ಕೊಟ್ಟೂರಿನ ವಸ್ತುಸಂಗ್ರಹಾಲಯದಲ್ಲಿ ಏನನ್ನಾದರೂ ಗಂಭೀರವಾಗಿ ಮಾಡಲು ಹೊರಟರೆ ಸಾಕು, ನಗು ನಮಗಿಂತ ಮೊದಲೇ ಬಂದು ಕುರ್ಚಿ ಹಿಡಿದಿರುತ್ತದೆ. ನಾನು ಧಾರವಾಡದಲ್ಲಿ ಬಿ.ಎ. ಓದಿದವಳು, ಎಪ್ಪತ್ತರ ದಶಕದುದ್ದಕ್ಕೂ ಸಮಿತಿಯ ನಡಾವಳಿ ಬರೆದವಳು ನಾನೇ. ಆದ್ದರಿಂದ ಇಲ್ಲಿ ಹೇಳುವುದಕ್ಕೆ ಒಗ್ಗರಣೆ ಹಾಕಿಲ್ಲ. ಎಲ್ಲವೂ ನಮ್ಮ ಟ್ರಸ್ಟಿ, ಡ್ರಾಯಿಂಗ್ ಮಾಸ್ತರರ ಸಂಗತಿಗಳು.

೧. ಬೋರ್ಡು

ಸುತ್ತಲಿನ ಹೊಲಗಳಲ್ಲಿ ಸಿಕ್ಕ ವೀರಗಲ್ಲುಗಳನ್ನು ತಂದು ನಿಲ್ಲಿಸಿದ್ದೆವು. ನೋಡಲು ಬಂದವರು ಅವಕ್ಕೆ ಎಣ್ಣೆ ಸುರಿದು ಕಾಯಿ ಒಡೆಯುತ್ತಿದ್ದರು. ಮಾಸ್ತರರು ಸಿಟ್ಟಾಗಿ, ಬಳ್ಳಿ-ಹೂವಿನ ಅಂಚಿಟ್ಟು, ‘ಇಲ್ಲಿ ಪೂಜೆ ಮಾಡಬಾರದು’ ಎಂದು ಬೋರ್ಡು ಬರೆದರು. ಮುಂದಿನ ವಾರ ಕಲ್ಲುಗಳೆಲ್ಲ ಸ್ವಚ್ಛ. ಬೋರ್ಡಿಗೆ ಮಾತ್ರ ವಿಭೂತಿ, ಅದರ ಕೆಳಗೆ ಕಾಯಿ ಹೋಳು!

ಕಾಯಿ ಒಡೆದ ಅಜ್ಜಿ ಅಲ್ಲೇ ಇದ್ದಳು. ಕೇಳಿದೆ.

“ನನಗ ಓದಾಕ ಬರಂಗಿಲ್ಲವ್ವಾ. ಆದ್ರ ಇಷ್ಟು ಚಂದ ಬರದಾರಂದ್ರ ದೇವರ ಹೆಸರಽ ಇರಬೇಕು.”

೨. ರೂಲು

ಹಗರಿಬೊಮ್ಮನಹಳ್ಳಿ ಕಡೆಯ ಗಿರಣಿ ಸಾಹುಕಾರರೊಬ್ಬರು ತಮ್ಮದೇ ಫೋಟೋಕ್ಕೆ ಚೌಕಟ್ಟು ಹಾಕಿಸಿ ತಂದು, “ನಿಮ್ಮ ಗೋಡಿಗೆ ಹಾಕ್ರಿ” ಎಂದರು. ಇದು ಶುರುವಾದರೆ ವೀರಗಲ್ಲಿಗೇ ಜಾಗ ಇರುವುದಿಲ್ಲವೆಂದು ಮಾಸ್ತರರು ಅಲ್ಲೇ ಒಂದು ನಿಯಮ ಮಾಡಿದರು: “ಬದುಕಿದ್ದೋರ ಚಿತ್ರ ಇಲ್ಲಿ ಹಾಕಂಗಿಲ್ರಿ.”

“ಹಂಗಾದ್ರ ಯಾವಾಗ ತರ್ಲಿ?”

“ನೀವು ತರೋದು ಬ್ಯಾಡ್ರಿ ಸಾವ್ಕಾರ್ರ. ಆವಾಗ ನಿಮ್ಮ ಮಕ್ಕಳು ತರ್ತಾರ.”

೩. ಮೂಗು

ಮಾಸ್ತರರು ಟ್ರಸ್ಟಿನಿಂದ ನಿವೃತ್ತರಾಗುವಾಗ ಸನ್ಮಾನಕ್ಕೆ ಅವರದೊಂದು ತೈಲಚಿತ್ರ ಬರೆಸುವುದೆಂದು ತೀರ್ಮಾನವಾಯಿತು. ಆದರೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ತೈಲಚಿತ್ರ ಬರೆಯುವವರು ಇವರೊಬ್ಬರೇ. ಬೇರೆ ದಾರಿ ಕಾಣದೆ ಅವರಿಗೇ ಒಪ್ಪಿಸಿದೆವು.

ಒಂದು ದಿನ ಅವರ ಹೆಂಡತಿ ಓಡಿಬಂದರು. “ಅಮ್ಮಾರ, ಬರ್ರಿ. ನಮ್ಮನಿಯವರು ಒಬ್ರಽ ಕುಂತು ಜಗಳ ಆಡಾಕತ್ತಾರ!”

ಹೋಗಿ ನೋಡಿದರೆ ಕನ್ನಡಿ ಮುಂದೆ ಕುಂಚ ಹಿಡಿದು ಕೂತಿದ್ದಾರೆ. ಗಿರಾಕಿಯಾಗಿ “ಮೂಗು ಸ್ವಲ್ಪ ಸಣ್ಣದು ಮಾಡ್ರಿ” ಎಂದು ಬೇಡುವುದು. ಕಲಾವಿದನಾಗಿ “ಇದ್ದಂಗ ಬರಿಯಾಂವ ನಾನು, ಬೇಕಾದ್ರ ತಗೋರಿ” ಎಂದು ಗದರುವುದು.

ಹೆಂಡತಿ ತೀರ್ಪು ಕೊಟ್ಟರು. “ಮೂಗು ಹಾಳಾಗಿ ಹೋಗ್ಲಿ, ಬಾಯಿ ಮುಚ್ಚಿದಂಗ ಬರೀರಿ. ಹಂಗ ನಾನೂ ಒಮ್ಮಿ ನೋಡ್ತೀನಿ.”

೪. ಮೌನ

ಚಿತ್ರ ಮುಗಿದ ದಿನ ಮಾಸ್ತರರು ನನ್ನೊಬ್ಬಳ ಹತ್ತಿರ ಹೇಳಿಕೊಂಡರು: “ಈ ಸೀಮಿ ಸತ್ತೋರನ್ನೆಲ್ಲ ಬರದೀನ್ರಿ ಅಮ್ಮಾರ. ನನ್ನದೊಂದು ನಮ್ಮ ಮ್ಯೂಸಿಯಂ ಗೋಡಿ ಮ್ಯಾಲ ಇರಬೇಕಂತ ಆಸಿ ಐತಿ.” ನಾನು ಅಧ್ಯಕ್ಷರಿಗೆ ಹೇಳಿದೆ. ಅವರು ಜಗ್ಗಲಿಲ್ಲ. “ರೂಲು ಅವರದಽ ಐತ್ರಿ. ಸಭಾದಾಗ ತೋರ್ಸಿ ಮನಿಗೆ ಕಳಿಸೋಣ.” ಇದನ್ನು ಕೇಳಿ ಮಾಸ್ತರರ ಮುಖ ಸಣ್ಣದಾಯಿತು.

ಸನ್ಮಾನದ ದಿನ ಚಿತ್ರವನ್ನು ಬಾಗಿಲ ಬಳಿ ಮೇಜಿನ ಮೇಲಿಟ್ಟಿದ್ದೆವು. ಬರಿದಾಗಿ ಕಾಣುತ್ತದೆಂದು ಕಾವಲುಗಾರ ಅದಕ್ಕೊಂದು ಹಾರ ಹಾಕಿ ಊದಿನಕಡ್ಡಿ ಹಚ್ಚಿಬಿಟ್ಟ. ಮುಖ್ಯ ಅತಿಥಿಗಳು ಮಾಸ್ತರರನ್ನು ಎಂದೂ ಕಂಡವರಲ್ಲ; ಬಂದದ್ದೂ ತಡವಾಗಿ. ಚಿತ್ರ ನೋಡಿದರು, ಚಪ್ಪಲಿ ಬಿಟ್ಟು ಕೈಮುಗಿದರು, ನೆಟ್ಟಗೆ ಮೈಕಿನ ಮುಂದೆ ಹೋಗಿ, “ಅಗಲಿದ ಚೇತನಕ್ಕೆ ಮೌನ ಶ್ರದ್ಧಾಂಜಲಿ ಸಲ್ಲಿಸೋಣ” ಎಂದರು. ಸಭೆಯೆಲ್ಲ ಎದ್ದಿತು. ಮಾಸ್ತರರೂ ಎದ್ದು ತಲೆ ತಗ್ಗಿಸಿದರು.

“ಯಾರು ಹೋದ್ರು ಅಮ್ಮಾರ?” ಎಂದು ಪಿಸುಗುಟ್ಟಿದರು.

“ನೀವಽ ರೀ!”

ಅತಿಥಿಗಳು ಹೊಗಳಲು ಶುರುಮಾಡಿದರು. ನಾನು ತಿದ್ದಲು ಹೊರಟೆ. ಮಾಸ್ತರರು ತಡೆದರು. “ಕುಂದರ್ರಿ. ಬದುಕಿದ್ದೋರ ಬಗ್ಗಿ ಯಾರೂ ಹಿಂಗ ಮಾತಾಡಂಗಿಲ್ಲ.”

“ಇಂಥವರ ಚಿತ್ರ ಈ ಗೋಡೆಯ ಮೇಲೆ ಇಂದೇ, ಈಗಲೇ ಏರಬೇಕು!” ಎಂದರು ಅತಿಥಿಗಳು. ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷರು ಏನೋ ಕೂಗಿದರು, ಯಾರಿಗೂ ಕೇಳಿಸಲಿಲ್ಲ. ಕಾವಲುಗಾರ ಆಗಲೇ ಏಣಿ ಹತ್ತಿ ಸುತ್ತಿಗೆ ಎತ್ತಿದ್ದ.

‘ಅಗಲಿದವರ’ ಮನೆಯವರಿಗೆ ಶಾಲು ಹೊದಿಸಲೆಂದು ಕೆಳಗಿಳಿದು ಬಂದ ಅತಿಥಿಗಳು ಮಾಸ್ತರರ ಮುಂದೆ ಗಕ್ಕನೆ ನಿಂತರು.

“ತಾವು ಅವರ ತಮ್ಮನವರೇ? ಥೇಟ್ ಅದೇ ಮುಖ!”

ಮಾಸ್ತರರು ಒಮ್ಮೆ ಗೋಡೆಯ ಕಡೆ ನೋಡಿ, ಕೈಮುಗಿದರು.

“ಹೌದ್ರಿ. ಆ ಮೊಳಿ ಪೂರ್ತಿ ಒಳಗ ಹೋಗೋತನಕ ತಮ್ಮಽ ರೀ.”